ಅತ್ತೆಯ ಗಾಳ, ನನ್ನ ಗಾಳ

ನಾನು ಮೀನು ಹಿಡಿಯಲು ಕೂತದ್ದು ಹಸಿವಿಗಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಡೆ ಹೆಂಗಸೊಬ್ಬಳು ಗಾಳ ಹಿಡಿದು ಕೆರೆಯ ದಡದಲ್ಲಿ ಕೂತಳೆಂದರೆ ನೋಡಿದವರು ತಾವಾಗಿಯೇ ಅವಳಿಗೊಂದು ಕಷ್ಟ ಕಲ್ಪಿಸಿಕೊಡುತ್ತಾರೆ. ಗಂಡ ಕುಡುಕನಿರಬೇಕು, ಮನೆಯಲ್ಲಿ ರಾಗಿ ಮುಗಿದಿರಬೇಕು, ಪಾಪ ಎನ್ನುತ್ತಾರೆ. ನನ್ನ ಗಂಡ ಕುಡಿಯುತ್ತಿರಲಿಲ್ಲ. ಕಣಜದಲ್ಲಿ ರಾಗಿ ಇತ್ತು, ಅಟ್ಟದ ತುಂಬ ತೆಂಗಿನಕಾಯಿ ಇತ್ತು. ಆದರೂ ಹೋಗುತ್ತಿದ್ದೆ. ನನ್ನನ್ನು ಅಲ್ಲಿ ಕೂರಿಸಿದವರು ನನ್ನ ಅತ್ತೆ.

ನನ್ನ ತವರು ಚಿಕ್ಕನಾಯಕನಹಳ್ಳಿಯ ಆಚೆ, ಗುಡ್ಡದ ಬುಡದ ಒಂದು ಊರು. ಕುರಿ, ಹುರುಳಿ, ರಾಗಿ ಎಲ್ಲ ಇದ್ದವು. ನೀರು ಮಾತ್ರ ಬಾವಿಯ ತಳದಲ್ಲಿ ಎಲ್ಲೋ ಇತ್ತು. ಮೀನನ್ನು ನಾನು ನೋಡಿದ್ದು ಸಂತೆಯಲ್ಲಿ, ಅದೂ ಒಣಗಿದ ಮೇಲೆ. ಎಪ್ಪತ್ತರ ದಶಕದ ಮಧ್ಯದಲ್ಲಿ ಮದುವೆಯಾಗಿ ತುರುವೇಕೆರೆ ತಾಲೂಕಿನ ಈ ಊರಿಗೆ ಬಂದಾಗ ಬಸ್ಸು ಕೆರೆ ಏರಿಯ ಮೇಲೆಯೇ ಹಾದು ಬಂತು. ಎಡಕ್ಕೆ ಕಣ್ಣು ಹರಿಯುವಷ್ಟು ದೂರ ನೀರು, ಬಲಕ್ಕೆ ಏರಿಯ ಕೆಳಗೆ ತೆಂಗಿನ ತೋಟಗಳು. ತಲೆ ತುಂಬ ಸೆರಗು ಹೊದ್ದಿದ್ದರೂ ನಾನು ನೋಡಿದ್ದು ಎಡಗಡೆಗೇ.

ಮನೆಯಲ್ಲಿ ನಾವು ಮೂವರು, ಅತ್ತೆ, ನನ್ನ ಗಂಡ, ನಾನು. ಮಾವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಗಂಡನ ಅಣ್ಣ, ಅಂದರೆ ನನ್ನ ಭಾವ, ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡು ಹೆಂಡತಿ ಮಕ್ಕಳೊಂದಿಗೆ ಅಲ್ಲೇ ಮನೆ ಮಾಡಿದ್ದರು. ತೋಟ ಇನ್ನೂ ಒಟ್ಟಿನಲ್ಲೇ ಇತ್ತು. ತೋಟ ನೋಡಿಕೊಳ್ಳುವವರು ನನ್ನ ಗಂಡ, ಕಾಯಿ ಕೊಬ್ಬರಿಯಾದ ಮೇಲೆ ಮಾರುವವರು ಭಾವ. ಅತ್ತೆ ಸಣಕಲು ಹೆಂಗಸು. ಬಾಯಲ್ಲಿ ಸದಾ ಎಲೆ ಅಡಿಕೆ. ಮಾತು ಕಡಿಮೆ, ಹೊಗಳಿಕೆ ಇನ್ನೂ ಕಡಿಮೆ.

ಮದುವೆಯಾದ ಹೊಸತರಲ್ಲಿ ಒಂದು ಬೆಳಿಗ್ಗೆ ನಾನು ಅಂಗಳ ಗುಡಿಸಿ ಒಳಗೆ ಬರುವಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಕೆರೆ ತಾವ್ಕೆ ಹೋಗಾನ ಬಾ."

ಬಟ್ಟೆ ಒಗೆಯುವುದಕ್ಕೆ ಎಂದುಕೊಂಡು ನಾನು ಕೊಳೆಬಟ್ಟೆಯ ಗಂಟು ಎತ್ತಿಕೊಂಡೆ.

"ಅದ್ಯಾಕೆ? ಅದನ್ನ ಇಡು. ಈ ಡಬ್ಬ ಹಿಡ್ಕೊ."

ತುಕ್ಕು ಹಿಡಿದ ಡಬ್ಬದೊಳಗೆ ಹಸಿಮಣ್ಣು, ಮಣ್ಣಿನೊಳಗೆ ಎರೆಹುಳು. ಅತ್ತೆ ಹಿತ್ತಿಲ ಗೋಡೆಗೆ ಒರಗಿಸಿದ್ದ ಎರಡು ಬಿದಿರು ಕೋಲು ಹೆಗಲ ಮೇಲೆ ಇಟ್ಟುಕೊಂಡು ಮುಂದೆ ನಡೆದರು. ಎರಡನೆಯ ಕೋಲು ಯಾರದ್ದು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ದಡಕ್ಕೆ ಹೋದ ಮೇಲೆ ಅದನ್ನು ನನ್ನ ಕೈಗೆ ಕೊಟ್ಟರು.

ತೋಟಗಳಿಗೆ ನೀರು ಬಿಡುವ ತೂಬಿನ ಪಕ್ಕದ ಕಲ್ಲುಗಳ ಮೇಲೆ ಅತ್ತೆಯ ಜಾಗ. ದಾರಕ್ಕೆ ನವಿಲುಗರಿಯ ದಂಟನ್ನು ಬೆಂಡಾಗಿ ಕಟ್ಟಿದ್ದರು. ಅದು ನೀರಿನ ಮೇಲೆ ನೆಟ್ಟಗೆ ನಿಲ್ಲುತ್ತಿತ್ತು. ಕಲಿಸುವುದು ಎಂದರೆ ಅತ್ತೆಯ ಪ್ರಕಾರ ತಾನು ಮಾಡುವುದು, ನಾನು ನೋಡುವುದು. ಆ ದಿನ ಅವರು ಆಡಿದ ಉದ್ದದ ಮಾತು ಇದೊಂದೇ: "ಬೆಂಡು ಅದುರಿದ್ರೆ ಎಳೀಬ್ಯಾಡ. ಅದು ಮೂಸ್ತಾ ಅದೆ. ಬೆಂಡು ಓಡೋಕೆ ಸುರು ಮಾಡ್ತು ಅನ್ನು, ಆಗ ಎಳಿ."

ನಾನು ಅದುರಿದಾಗಲೆಲ್ಲ ಎಳೆದೆ. ಹುಳು ಹೋಗುತ್ತಿತ್ತು, ಬರಿ ಗಾಳ ಬರುತ್ತಿತ್ತು. ಅತ್ತೆ ಡಬ್ಬವನ್ನು ನನ್ನ ಕಡೆ ಸರಿಸುತ್ತಿದ್ದರು. ಬಿಸಿಲು ಏರಿದ ಮೇಲೆ ಒಮ್ಮೆ ಬೆಂಡು ಪಕ್ಕಕ್ಕೆ ಓಡಿತು, ನಾನೂ ಎಳೆದೆ. ಕೋಲು ಬಾಗಿತು. ನೀರಿನ ಒಳಗಿನಿಂದ ಯಾರೋ ನನ್ನ ಕೈ ಹಿಡಿದು ಜಗ್ಗಿದ ಹಾಗಾಯಿತು. ಅಂಗೈ ಅಗಲದ ಗೆಂಡೆ ಮೀನು, ಬೆಳ್ಳಗೆ, ಕಲ್ಲಿನ ಮೇಲೆ ಬಿದ್ದು ಪಟಪಟ ಬಡಿದುಕೊಂಡಿತು. ನನಗೆ ನಗು ತಡೆಯಲಾಗಲಿಲ್ಲ. ಏರಿಯ ಮೇಲೆ ಗಾಡಿ ಹೊಡೆದುಕೊಂಡು ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು. ಊರಿಗೆ ಹೊಸ ಸೊಸೆ ನಾನು. ಥಟ್ಟನೆ ಬಾಯಿಗೆ ಸೆರಗು ಒತ್ತಿಕೊಂಡೆ.

"ಸೆರಗು ತೆಗಿ," ಎಂದರು ಅತ್ತೆ. "ನಗಕ್ಕೂ ಯಾರ್ನಾದ್ರೂ ಕೇಳ್ಬೇಕಾ?"

ಆಮೇಲೆ ಬಿಡುವಾದಾಗಲೆಲ್ಲ ನಾವಿಬ್ಬರೂ ಹೋಗತೊಡಗಿದೆವು. ಮನೆಗೆಲಸ ಮುಗಿಸಿಯೇ ಹೋಗುತ್ತಿದ್ದೆವು, ಅದರಲ್ಲಿ ಯಾರೂ ತಪ್ಪು ಹುಡುಕುವಂತಿರಲಿಲ್ಲ. ಒಂದೊಂದು ಮೀನಿಗೆ ಒಂದೊಂದು ದಾರಿ ಎಂದು ನಿಧಾನಕ್ಕೆ ಗೊತ್ತಾಯಿತು. ಗೆಂಡೆಗೆ ರಾಗಿಹಿಟ್ಟು ಬೇಯಿಸಿ ಅದಕ್ಕೆ ಗಾಣದಿಂದ ತಂದ ಕೊಬ್ಬರಿ ಹಿಂಡಿ ಕಲಸಿ ಗೋಲಿಯಷ್ಟು ಉಂಡೆ ಕಟ್ಟಬೇಕು. ಆ ಹಿಂಡಿಯನ್ನೇ ಮೊದಲು ಒಂದು ಹಿಡಿ ನೀರಿಗೆ ಎರಚಿ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಸುಮ್ಮನಿದ್ದರೆ ಮೀನು ತಾವಾಗಿ ಬಂದು ಸೇರುತ್ತವೆ. ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಹರಿಯುವಾಗ ಎರೆಹುಳು ಸಾಕು, ಬೆಂಡು ಬೇಡ; ದಾರವನ್ನು ಬೆರಳಿಗೆ ಸುತ್ತಿಕೊಂಡು ಕಣ್ಣು ಮುಚ್ಚಿ ಕೂತರೂ ಆದೀತು.

ಒಮ್ಮೆ ನಾನು ಅತ್ತೆಯನ್ನು ಕೇಳಿದೆ, "ಅತ್ತೆ, ನಿಮ್ಗೆ ಇದು ಯಾವಾಗ ಅಭ್ಯಾಸ ಆಯ್ತು? ಮಾವ ಹೋದ್ಮೇಲೆ ಕಷ್ಟಕ್ಕೆ ಸುರು ಮಾಡಿದ್ರಿ ಅಂತ ಪಕ್ಕದ ಮನೆಯೋರು ಹೇಳ್ತಿದ್ರು."

ಅತ್ತೆ ಪಕ್ಕಕ್ಕೆ ಉಗಿದರು. "ಊರೋರ್ಗೆಲ್ಲ ಹಂಗೆ ಹೇಳ್ಕೊಂಡ್ರೇ ಸಮಾಧಾನ. ನಿಮ್ಮಾವ ಇದ್ದಾಗ್ಲೇ ಹಿಡೀತಿದ್ದೆ ಕಣೇ. ಬೈಯ್ತಿದ್ರು. ಬೈಕೊಂಡು ಬೈಕೊಂಡೇ ತಿಂತಿದ್ರು. ಮನೇಲಿ ಆಗ್ಲೂ ರಾಗಿ ಇತ್ತು. ನನಗೆ ಇಲ್ಲಿ ಕೂತ್ಕೊಳೋದು ಇಷ್ಟ, ಅದ್ಕೆ ಬತ್ತೀನಿ."

ಇಷ್ಟ ಎಂಬ ಮಾತನ್ನು ನಮ್ಮ ಕಡೆಯ ಹೆಂಗಸರು ತಮಗಾಗಿ ಬಳಸುವುದನ್ನು ಅಲ್ಲಿಯವರೆಗೆ ನಾನು ಕೇಳಿರಲಿಲ್ಲ. ಮಕ್ಕಳಿಗೆ ಇಷ್ಟ, ಗಂಡನಿಗೆ ಇಷ್ಟ, ದೇವರಿಗೆ ಇಷ್ಟ ಎಂದು ಕೇಳಿದ್ದೆ.

ಕೆರೆಯಲ್ಲಿ ಎಲ್ಲರೂ ಆಸೆಪಡುತ್ತಿದ್ದದ್ದು ಕೊರಮೀನಿಗೆ. ಹಾವಿನಂಥ ತಲೆ, ತೋಳಿನಂಥ ಮೈ. ತಾವರೆ ಎಲೆಗಳ ಕೆಳಗೆ ಮರೆಯಾಗಿದ್ದು, ಮೇಲೆ ಏನಾದರೂ ಅಲುಗಾಡಿದರೆ ಬಾಯಿ ಹಾಕುವ ಬೇಟೆಯ ಮೀನು ಅದು. ಅದಕ್ಕೆ ಹಿಟ್ಟಿನುಂಡೆ ನಡೆಯುವುದಿಲ್ಲ, ಜೀವಂತ ಕಪ್ಪೆ ಬೇಕು. ಅತ್ತೆ ಕಪ್ಪೆಯ ಬೆನ್ನಿಗೆ ಗಾಳ ಚುಚ್ಚಿ ಎಲೆಗಳ ಮೇಲೆ ಬಿಡುತ್ತಿದ್ದರು. ನನ್ನ ಕೈಯಲ್ಲಿ ಅದು ಆಗಲೇ ಇಲ್ಲ. ಕಪ್ಪೆ ಕೈಯೊಳಗೆ ಪುಟಪುಟ ಅನ್ನುತ್ತಿದ್ದರೆ ನಾನು ಬಿಟ್ಟುಬಿಡುತ್ತಿದ್ದೆ.

"ಹುಳ ಚುಚ್ಚೋವಾಗ ಇಲ್ದಿದ್ದ ಕನಿಕರ ಕಪ್ಪೆಗೆ ಯಾಕೆ?" ಎಂದು ಅತ್ತೆ ಕೇಳಿದರು.

ನಾನು ಹಿಡಿದಿದ್ದ ಕಪ್ಪೆಯನ್ನು ದಡದಲ್ಲೇ ಬಿಟ್ಟೆ. ಆದರೆ ಕೊರಮೀನನ್ನು ಬಿಡುವ ಮನಸ್ಸೂ ನನಗಿರಲಿಲ್ಲ. ಹಿತ್ತಿಲಲ್ಲಿ ಕಾಯಿಯಿಂದ ಸುಲಿದ ತೆಂಗಿನ ಮಟ್ಟೆ ರಾಶಿ ಬಿದ್ದಿರುತ್ತಿತ್ತು. ಒಣಮಟ್ಟೆ ನೀರಿನಲ್ಲಿ ತೇಲುತ್ತದೆ ಎಂದು ಯಾರಿಗೆ ಗೊತ್ತಿಲ್ಲ? ಒಂದು ತುಂಡನ್ನು ಈಳಿಗೆಮಣೆಯಲ್ಲಿ ಹೆರೆದು ಹೆರೆದು ಕಪ್ಪೆಯ ಗಾತ್ರಕ್ಕೆ ತಂದೆ. ಕಾಲುಗಳಿಗೆ ಏನು ಮಾಡುವುದು ಎಂದು ಯೋಚಿಸುತ್ತಿರುವಾಗ ನನ್ನ ಗಂಡ, ಏನೂ ಕೇಳದೆ, ತಮ್ಮ ಸೈಕಲ್ಲಿನ ಹಳೆಯ ಟ್ಯೂಬು ತಂದು ಪಕ್ಕದಲ್ಲಿ ಇಟ್ಟು ಹೋದರು. ಅವರು ಹಾಗೇ. ಮಾತಿನಲ್ಲಿ ಯಾರ ಪಕ್ಷವನ್ನೂ ವಹಿಸದ ಮನುಷ್ಯ. ತಿಪಟೂರಿಗೆ ಹೋದರೆ ಮಾತ್ರ ಜೇಬಿನಲ್ಲಿ ನೈಲಾನ್ ದಾರ ಇಲ್ಲದೆ ಬರುತ್ತಿರಲಿಲ್ಲ.

ಟ್ಯೂಬಿನ ಕಾಲು ಕಟ್ಟಿದ ಮೊದಲ ಮಟ್ಟೆಕಪ್ಪೆ ನೀರು ಕುಡಿದು ಮುಳುಗಿತು. ಎರಡನೆಯದಕ್ಕೆ ಜೇನುಮೇಣ ಸವರಿದೆ, ತೇಲಿತು. ಆದರೆ ಗಾಳ ಕೆಳಮುಖವಾಗಿದ್ದರಿಂದ ತಾವರೆಯ ದಂಟುಗಳಿಗೆಲ್ಲ ಸಿಕ್ಕಿಕೊಂಡು ದಾರವೇ ಕಿತ್ತುಹೋಯಿತು. ಮತ್ತೊಂದಕ್ಕೆ ಗಾಳವನ್ನು ಬೆನ್ನಿನ ಮೇಲೆ, ಮೊನೆ ಮೇಲಕ್ಕೆ ಬರುವ ಹಾಗೆ ಕಟ್ಟಿದೆ. ಅದು ಎಲೆಯಿಂದ ಎಲೆಗೆ ಸಿಕ್ಕಿಕೊಳ್ಳದೆ ಜಾರಿತು. ಅತ್ತೆ ದೂರದಿಂದ ನೋಡಿ, "ಮಟ್ಟೆ ತಿನ್ನೋ ಮೀನು ಇನ್ನೂ ಹುಟ್ಟಿಲ್ಲ ಬುಡು," ಎಂದರು.

ಕೋಲಿನ ತುದಿಯಿಂದ ಅದನ್ನು ಎಲೆಗಳ ಆಚೆ ಎಸೆದು, ಒಂದು ಗೇಣು ಎಳೆದು ನಿಲ್ಲಿಸಬೇಕು. ಮತ್ತೆ ಒಂದು ಗೇಣು. ನಿಲ್ಲಿಸಿದಾಗಲೇ ಹೊಡೆತ ಬೀಳುವುದು ಎಂದು ಎಷ್ಟೋ ಸಂಜೆಗಳು ವ್ಯರ್ಥವಾದ ಮೇಲೆ ನನಗೆ ತಿಳಿಯಿತು. ಒಂದು ಸಂಜೆ ಎಲೆಗಳ ನಡುವೆ ನೀರು ಒಡೆದು ಮೇಲೆದ್ದಿತು. ಗಾಬರಿಯಲ್ಲಿ ನಾನು ಕೋಲನ್ನೇ ಬಿಡುವುದರಲ್ಲಿದ್ದೆ. ಅತ್ತೆ ಕೂತಲ್ಲಿಂದಲೇ ಕೂಗಿದರು, "ತಡಿ, ತಡಿ, ಅದು ಒಳಗೆ ಎಳ್ಕೊಳ್ಲಿ... ಈಗ ಎತ್ತು." ಎತ್ತಿದೆ. ದಡಕ್ಕೆ ಬಂದದ್ದು ಒಂದು ಮೊಳಕ್ಕಿಂತ ಉದ್ದದ ಕೊರಮೀನು. ಅತ್ತೆ ಅದರ ಬಾಯಿ ಬಿಡಿಸಿ ಮಟ್ಟೆಕಪ್ಪೆಯನ್ನು ಹೊರಗೆ ತೆಗೆದು, ನೀರಿನಲ್ಲಿ ಅಲುಬಿ, ತಿರುಗಿಸಿ ತಿರುಗಿಸಿ ನೋಡಿದರು.

"ನಾಳೆ ನನಗೂ ಒಂದು ಮಾಡ್ಕೊಡು."

ಅಷ್ಟೇ. ಅದಕ್ಕಿಂತ ದೊಡ್ಡ ಹೊಗಳಿಕೆ ಆ ಬಾಯಿಂದ ನಾನು ಕೇಳಿಲ್ಲ.

ಭಾವನವರು ಊರಿಗೆ ಬರುತ್ತಿದ್ದದ್ದು ಹಬ್ಬಕ್ಕೆ ಮತ್ತು ಕೊಬ್ಬರಿಗೆ. ಅಂಥ ಒಂದು ಸಲ ಬಂದಾಗ ಒಲೆಯ ಮೇಲೆ ಮೀನಿನ ಸಾರು ಕುದಿಯುತ್ತಿತ್ತು. ನಮ್ಮ ಅಡುಗೆಮನೆಯ ಮೇಲೆಯೇ ಅಟ್ಟ. ಕಾಯಿ ಅಲ್ಲಿ ಸುಮಾರು ಒಂದು ವರ್ಷ ಮಲಗಿ, ಒಳಗಿನ ನೀರು ಇಂಗಿ, ಚಿಪ್ಪಿನೊಳಗೇ ಗಿಟಕು ಕೊಬ್ಬರಿಯಾಗುತ್ತದೆ. ಒಲೆಯ ಬಿಸಿ, ಹೊಗೆ ಅದಕ್ಕೆ ಒಳ್ಳೆಯದು. ಭಾವ ಜಗಲಿಯ ಮೇಲೆ ಕೂತು ಮೂಗಿಗೆ ಟವೆಲ್ ಹಿಡಿದುಕೊಂಡರು. ಮಾರುಕಟ್ಟೆಯ ದೊಡ್ಡ ವರ್ತಕರ ಜತೆ ಓಡಾಟ ಶುರುವಾದ ಮೇಲೆ ಅವರು ಮಾಂಸ ಮೀನು ಬಿಟ್ಟಿದ್ದರು. ಅದು ಅವರ ಇಷ್ಟ, ಅದಕ್ಕೆ ಯಾರೂ ಏನೂ ಅಂದಿರಲಿಲ್ಲ.

"ಅವ್ವ, ಈ ಹೊಗೆ ನೇರ ಅಟ್ಟಕ್ಕೆ ಹೋಯ್ತದೆ. ಕೊಬ್ಬರಿಗೆ ಮೀನಿನ ವಾಸ್ನೆ ಹಿಡೀತದೆ. ಮಂಡೀಲಿ ಯಾರಾದ್ರೂ ಮೂಸಿ ನೋಡಿದ್ರೆ ನನ್ನ ಮಾನ ಏನಾಯ್ತದೆ?"

ಅತ್ತೆ ಸೌಟು ಹಿಡಿದೇ ಹೊರಗೆ ಬಂದರು. "ಮೇಲೆ ಮಟ್ಟೆ. ಮಟ್ಟೆ ಒಳಗೆ ಚಿಪ್ಪು. ಚಿಪ್ಪಿನೊಳಗೆ ಕೊಬ್ಬರಿ. ನನ್ನ ಮೀನು ಅಷ್ಟು ಬಾಗ್ಲು ತಕ್ಕೊಂಡು ಒಳಕ್ಕೆ ಹೋಯ್ತದೇನ್ಲಾ?"

"ತಮಾಷೆ ಅಲ್ಲ ಅವ್ವ. ಅಡುಗೆ ಮಾತು ಬಿಡು. ನೀನು ದಡದಲ್ಲಿ ಕೋಲು ಹಿಡ್ಕೊಂಡು ಕೂತಿರ್ತೀಯ, ಜತೇಗೆ ಮನೆ ಸೊಸೇನೂ ಕೂರಿಸ್ಕೊಂಡಿದ್ದೀಯ. ಬಸ್ಸಲ್ಲಿ ಹೋಗೋರು ನೋಡ್ತಾರೆ. ತಿಪಟೂರಲ್ಲಿ ನನ್ನನ್ನ ಮೀನಮ್ಮನ ಮಗ ಅಂತಾರೆ, ಗೊತ್ತಾ?"

"ಅನ್ಲಿ ಬುಡು. ಮಗ ಅಲ್ವಾ ನೀನು?"

ಭಾವ ಕೆಟ್ಟವರಲ್ಲ. ಇದನ್ನೂ ಹೇಳಬೇಕು. ತಂದೆ ಇಲ್ಲದ ಮನೆಯಿಂದ ಹೋಗಿ, ಮೂಟೆ ಹೊರುವವರ ನಡುವೆ ನಿಂತು ಲೆಕ್ಕ ಕಲಿತು ಮೇಲೆ ಬಂದವರು. ಕಷ್ಟಪಟ್ಟು ಸಂಪಾದಿಸಿದ ಬಿಳಿಪಂಚೆಗೆ ಕೆಸರು ಹಾರುತ್ತದೆ ಎಂಬ ಭಯ ಅವರದು. ಆದರೆ ಅವರ ಭಯಕ್ಕೆ ನಾವು ಒಳಗೆ ಕೂರಬೇಕು ಎಂಬುದು ಯಾವ ನ್ಯಾಯ? ಆಗ ಇದನ್ನು ಬಾಯಿಬಿಟ್ಟು ಕೇಳಲು ನನಗೆ ಆಗುತ್ತಿರಲಿಲ್ಲ. ಭಾವನ ಎದುರು ಸೊಸೆಯರು ಮಾತಾಡುವುದಿರಲಿ, ನಿಲ್ಲುವ ಪದ್ಧತಿಯೂ ನಮ್ಮಲ್ಲಿರಲಿಲ್ಲ. ಅವರ ಹೆಂಡತಿ, ನನ್ನ ಓರಗಿತ್ತಿ, ಊರಿಗೆ ಬಂದಾಗ ಹಿತ್ತಿಲ ಬಾಗಿಲಿಂದ ತಟ್ಟೆ ಹಿಡಿದು ಬಂದು, "ಒಂದೇ ತುಂಡು ಕಣೇ, ಅವ್ರಿಗೆ ಹೇಳ್ಬೇಡ," ಎಂದು ನಿಂತಲ್ಲೇ ತಿಂದು ಬಾಯಿ ತೊಳೆದುಕೊಂಡು ಹೋಗುತ್ತಿದ್ದಳು. ನಾನು ಯಾರಿಗೂ ಹೇಳಿರಲಿಲ್ಲ.

ಮುಂದಿನ ಸಲ ಭಾವ ಬಂದಾಗ ಅತ್ತೆ ನೆಂಟರ ಮನೆಗೆ ಹೋಗಿದ್ದರು. ನನ್ನ ಗಂಡ ತೋಟದಲ್ಲಿದ್ದರು. ಭಾವ ನೇರ ಹಿತ್ತಿಲಿಗೆ ಹೋದ ಸದ್ದು ಕೇಳಿ ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಎರಡೂ ಕೋಲುಗಳನ್ನು ಮೊಣಕಾಲಿಗೆ ಕೊಟ್ಟು ಮುರಿಯುತ್ತಿದ್ದರು. ಹಸಿಬಿದಿರಲ್ಲ, ಹೊಗೆ ಹಾಕಿ ಪಳಗಿಸಿದ ಕೋಲು; ಬೇಗ ಮುರಿಯಲಿಲ್ಲ. ಅವರ ಮುಖ ಕೆಂಪಾಗಿತ್ತು. ಮುರಿದ ತುಂಡುಗಳನ್ನು ತಂದು ಬಚ್ಚಲ ಒಲೆಯ ಮುಂದೆ ಹಾಕಿದರು.

ನಾನು ಹೊರಗೆ ಬಂದೆ. ಮುರಿದ ತುಂಡೊಂದನ್ನು ಎತ್ತಿಕೊಂಡೆ.

"ಭಾವ, ಅದರಲ್ಲಿ ಒಂದು ನಂದು."

ಅವರು ಬೆಚ್ಚಿಬಿದ್ದರು. ನನ್ನ ಧ್ವನಿಯನ್ನು ಅವರು ಕೇಳಿದ್ದೇ ಅದು ಮೊದಲು.

"ನಿನಗೆ ಗೊತ್ತಾಗಲ್ಲಮ್ಮ. ಅವ್ವನಿಗೆ ವಯಸ್ಸಾಯ್ತು, ಹಠ. ನೀನಾದ್ರೂ ಮನೆ ಮರ್ಯಾದೆ ನೋಡ್ಬೇಕಲ್ವಾ?"

"ನೋಡ್ತಾನೇ ಇದ್ದೀನಿ ಭಾವ. ನಾವು ಯಾರ ತೋಟಕ್ಕೂ ಕೈ ಹಾಕಿಲ್ಲ, ಯಾರ ಮುಂದೂ ಕೈ ಚಾಚಿಲ್ಲ. ಕೆರೆ ದಡದಲ್ಲಿ ಕೂತಿದ್ದೀವಿ. ಬೇಲೀಲಿ ಬಿದಿರು ಬೇಕಾದಷ್ಟಿದೆ. ನೀವು ಇವತ್ತು ಮುರೀರಿ, ನಾನು ಇವತ್ತೇ ಕಡೀತೀನಿ."

ಅವರು ಹೊರಟುಹೋದರು. ನಾನು ಕುಡುಗೋಲು ತೆಗೆದುಕೊಂಡು ತೋಟದ ಬೇಲಿಗೆ ಹೋಗಿ ಎರಡು ಬಿದಿರು ಕಡಿದು, ಸಂಜೆಯವರೆಗೆ ಕೂತು ಗೆಣ್ಣು ಸವರಿದೆ. ಅತ್ತೆ ಬಂದು ಮುರಿದ ತುಂಡು ನೋಡಿದರು, ಹೊಸ ಕೋಲು ನೋಡಿದರು. "ತುದಿ ಇನ್ನೂ ತೆಳ್ಳಗಿರ್ಬೇಕು," ಎಂದರು.

ಕೆಲವು ತಿಂಗಳ ಮೇಲೆ ತಿಪಟೂರಿನ ಮಂಡಿಯ ಒಬ್ಬ ಸಾಹುಕಾರರು ನಮ್ಮ ಅಟ್ಟದ ಕೊಬ್ಬರಿ ನೋಡಲು ಬರುವುದು ಗೊತ್ತಾಯಿತು. ಶಿವಪೂಜೆ ಮುಗಿಯದೆ ಬಾಯಿಗೆ ನೀರು ಹಾಕದ ಮನೆತನದವರು. ಭಾವ ಹಿಂದಿನ ದಿನವೇ ಬಂದು ಅತ್ತೆಗೆ ಹೇಳಿದರು, "ನಾಳೆ ಒಂದಿನ ಮಾತ್ರ ಒಳಗಿರು ಅವ್ವ. ಕೈಮುಗಿದು ಕೇಳ್ತೀನಿ."

ಅತ್ತೆ ಹೇಳಿದರು, "ಮನೇಲಿ ನಾಳೆ ಮೀನು ಬೇಯಿಸಲ್ಲ. ಅದು ಬರೋರಿಗೆ ಮರ್ಯಾದೆ. ಆದ್ರೆ ಕೆರೆ ದಡ ನಿನ್ನ ಮನೆ ಜಗಲಿ ಅಲ್ಲ ಕಣ್ಲಾ. ಅವಿತ್ಕೊಂಡು ಕೂರಕ್ಕೆ ನಾನೇನು ಕದ್ದಿದ್ದೀನಾ?"

ಮರುದಿನ ಬೆಳಿಗ್ಗೆ ಅಂಗಳ ಸಾರಿಸಿ, ಬರುವವರಿಗೆ ಎಳನೀರು ಕೆಡವಿಸಿಟ್ಟು, ನಾವಿಬ್ಬರೂ ಹೊರಟೆವು. ಸಾಹುಕಾರರನ್ನು ಕರೆತರಲು ಭಾವ ಮೊದಲ ಬಸ್ಸಿಗೇ ತಿಪಟೂರಿಗೆ ಹೋಗಿದ್ದರು. ಅತ್ತೆ ದಿನಕ್ಕಿಂತ ನೆಟ್ಟಗೆ ನಡೆಯುತ್ತಿದ್ದರು. ತೂಬಿನಿಂದ ಸ್ವಲ್ಪ ದೂರ, ತಾವರೆ ದಟ್ಟವಾಗಿದ್ದ ಕಡೆ ಅತ್ತೆ ಮಟ್ಟೆಕಪ್ಪೆ ಎಸೆದರು. ಸಾಹುಕಾರರ ಕಾರು ಏರಿಯ ಮೇಲೆ ಬರುವ ಹೊತ್ತಿಗೇ ಅವರ ಕೋಲು ಬಾಗಿತು. ಬೇಕೆಂದು ಹಾಗೆ ಮಾಡಲು ಯಾರಿಂದಲೂ ಆಗದು. ದೊಡ್ಡ ಕೊರಮೀನು, ದಂಟುಗಳ ಬುಡಕ್ಕೆ ನುಗ್ಗಿ ಕೂತುಬಿಟ್ಟಿತು. ಎಳೆದರೆ ದಾರ ಹೋಗುತ್ತದೆ, ಬಿಟ್ಟರೆ ಮೀನು ಹೋಗುತ್ತದೆ. ಅತ್ತೆ ಕೋಲನ್ನು ನನ್ನ ಕೈಗೆ ಕೊಟ್ಟು, ಸೀರೆ ಮೊಳಕಾಲಿಗೆ ಎತ್ತಿ ಕಟ್ಟಿ, ನೀರಿಗೆ ಇಳಿದು ದಾರ ಹಿಡಿದುಕೊಂಡೇ ಮುಂದೆ ಹೋದರು. ಸೊಂಟದವರೆಗೆ ನೀರು. ಎಲೆಗಳನ್ನು ಸರಿಸಿ, ಕೈ ಒಳಗೆ ಹಾಕಿ, ಕಿವಿರಿಗೆ ಬೆರಳು ಕೊಟ್ಟು ಮೀನನ್ನು ಎತ್ತಿದರು.

ತಿರುಗಿ ನೋಡಿದರೆ ಕಾರು ನಿಂತಿದೆ. ಸಾಹುಕಾರರು ಇಳಿದು ಏರಿಯ ಅಂಚಿನಲ್ಲಿ ನಿಂತಿದ್ದಾರೆ. ಅವರ ಹಿಂದೆ ಭಾವ, ನೆಲ ನೋಡಿಕೊಂಡು.

ಅತ್ತೆ ಮೀನು ಹಿಡಿದೇ ಮೇಲೆ ಹತ್ತಿ ಬಂದರು. ಮೈಯಿಂದ ನೀರು ಸೋರುತ್ತಿತ್ತು. ಸಾಹುಕಾರರು ಎರಡು ಹೆಜ್ಜೆ ಹಿಂದೆ ಸರಿದರು, ಆದರೆ ಹೋಗಲಿಲ್ಲ. ಮೀನಿನ ಬಾಯಲ್ಲಿ ತೂಗುತ್ತಿದ್ದದ್ದನ್ನು ಬಗ್ಗಿ ನೋಡಿ, "ಏನಮ್ಮ ಅದು, ಕಪ್ಪೇನಾ?" ಎಂದರು.

"ತೆಂಗಿನ ಮಟ್ಟೆ ಸ್ವಾಮಿ. ನನ್ನ ಸೊಸೆ ಮಾಡಿದ್ದು."

ಭಾವ ನಡುವೆ ಬಂದರು. "ಅಪ್ಪ ಹೋದ್ಮೇಲೆ ಬಾಳ ಕಷ್ಟ ಇತ್ತು ಸಾಹುಕಾರ್ರೇ. ನಮ್ಮನ್ನ ಸಾಕೋಕೆ ಅವ್ವ ಇದನ್ನ ಕಲೀಬೇಕಾಯ್ತು. ಆ ಅಭ್ಯಾಸ..."

"ಸುಳ್ ಹೇಳ್ಬ್ಯಾಡ ಕಣ್ಲಾ," ಎಂದರು ಅತ್ತೆ. ಧ್ವನಿ ಏರಿರಲಿಲ್ಲ. "ನಿನ್ನನ್ನ ಸಾಕಿದ್ದು ತೋಟ. ಇದು ನನ್ನ ಇಷ್ಟಕ್ಕೆ. ಅವತ್ತೂ ಇಷ್ಟಕ್ಕೆ, ಇವತ್ತೂ ಇಷ್ಟಕ್ಕೆ."

ಸಾಹುಕಾರರು ಅತ್ತೆಯ ಮುಖ ನೋಡಿದರು. "ನಮಗೆ ಇದೆಲ್ಲ ಆಗಿಬರೋದಿಲ್ಲಮ್ಮ," ಎಂದಷ್ಟೇ ಹೇಳಿ ಕಾರು ಹತ್ತಿದರು. ಮನೆಯಲ್ಲಿ ಅವರು ಅಟ್ಟದಿಂದ ತಮಗೆ ಬೇಕಾದ ಕಾಯಿ ಆರಿಸಿ ಸುಲಿಸಿ, ಗಿಟಕು ಒಡೆದು, ಮೂಸಿ, ಕಡಿದು ನೋಡಿದರಂತೆ. ಚೆನ್ನಾಗಿದೆ ಎಂದು ಇದ್ದದ್ದನ್ನೆಲ್ಲ ಕೊಂಡರು. ಮನೆಯ ನೀರು ಮುಟ್ಟಲಿಲ್ಲ, ಎಳನೀರು ಕುಡಿದರು. ನಮ್ಮನ್ನು ಮೆಚ್ಚಲೂ ಇಲ್ಲ, ಬೈಯಲೂ ಇಲ್ಲ. ಅವರು ಬಂದದ್ದು ಕೊಬ್ಬರಿಗೆ.

ಆದರೆ ಭಾವನಿಗೆ ಅದು ಸಾಕಾಗಲಿಲ್ಲ. ತೋಟ ಪಾಲಾಯಿತು. ತಮ್ಮ ಪಾಲಿನ ಕಾಯಿಗೆ ಅವರು ತೋಟದಲ್ಲೇ ಬೇರೆ ಶೆಡ್ಡು ಕಟ್ಟಿಸಿದರು, ನಮ್ಮ ಹೊಗೆ ತಾಗದ ಹಾಗೆ. ರಜೆಗೆ ಮಕ್ಕಳನ್ನು ಕಳಿಸುವುದು ನಿಂತಿತು. ಊರಿಗೆ ಬಂದರೂ ಮನೆಗೆ ಬರುತ್ತಿರಲಿಲ್ಲ. ಅದರಿಂದ ನಮಗೆ ನೋವಾಗಲಿಲ್ಲ ಎಂದರೆ ಸುಳ್ಳಾದೀತು. ಅತ್ತೆ ಕೆರೆಗೆ ಬರುವುದನ್ನು ನಿಲ್ಲಿಸಿದರು. ಬೆಳಿಗ್ಗೆ ಎದ್ದು ಜಗಲಿಯ ಮೇಲೆ ಕೂತು ರಸ್ತೆ ನೋಡುತ್ತಿದ್ದರು. ಮೊಮ್ಮಕ್ಕಳನ್ನು ನೆನೆಯುತ್ತಿದ್ದರು ಎಂದು ನನಗೆ ಗೊತ್ತಿತ್ತು. ಊರಿನವರಿಗೆ ಸಮಾಧಾನವಾಯಿತು. ಮುದುಕಿಗೆ ಬುದ್ಧಿ ಬಂತು ಎಂದರು.

ನನಗೆ ಸಹಿಸಲಾಗಲಿಲ್ಲ. ಒಂದು ದಿನ ಸಂಜೆ, ದನ ಮನೆಗೆ ಬರುವ ಹೊತ್ತು, ಏರಿಯ ಮೇಲೆ ಜನ ಹೆಚ್ಚು ಓಡಾಡುವಾಗಲೇ ಕೋಲು ಹೆಗಲಿಗೆ ಹಾಕಿ ಒಬ್ಬಳೇ ಹೊರಟೆ. ಅತ್ತೆಯ ಜತೆ ಹೋಗುವುದಕ್ಕೆ ಒಂದು ನೆಪವಿತ್ತು. ಅತ್ತೆ ಕರೆದರು, ಸೊಸೆ ಹೋದಳು. ಈಗ ಅದೂ ಇರಲಿಲ್ಲ. ಒಬ್ಬ ಹಿರಿಯರು ಎದುರಾಗಿ, "ಏನಮ್ಮ, ಮನೇಲಿ ಸಾರಿಗೆ ಏನೂ ಇಲ್ವಾ?" ಎಂದು ಕೇಳಿದರು.

"ಅವರೆಕಾಳು ಸಾರು ಮಾಡಿಟ್ಟು ಬಂದಿದ್ದೀನಿ," ಎಂದೆ. "ಬೇಕಾದ್ರೆ ಬನ್ನಿ, ಉಂಡ್ಕೊಂಡು ಹೋಗಿ."

ಅವರು ದಾರಿ ಬಿಟ್ಟರು. ತೂಬಿನ ಕಲ್ಲಿನ ಮೇಲೆ ಕತ್ತಲಾಗುವವರೆಗೆ ಕೂತೆ. ಎರಡು ಜಿಲೇಬಿ ಮೀನು ಸಿಕ್ಕವು, ಒಂದು ಒಳ್ಳೆಯ ಮೀನು ಗಾಳ ಕಿತ್ತುಕೊಂಡು ಹೋಯಿತು. ಮನೆಗೆ ಬಂದು ಅಂಗಳದಲ್ಲಿ ಬೂದಿ ಹಚ್ಚಿ ಮೀನು ಉಜ್ಜುತ್ತಿದ್ದಾಗ ಅತ್ತೆ ಜಗಲಿಯಿಂದ ಇಳಿದು ಬಂದರು. ಕಿತ್ತುಹೋದ ದಾರದ ತುದಿಯನ್ನು ಲಾಟೀನಿನ ಹತ್ತಿರ ಹಿಡಿದು ನೋಡಿದರು.

"ಗಂಟು ಜಾರಿದೆ. ನೈಲಾನಿಗೆ ಇಂಗೆ ಕಟ್ಟಿದ್ರೆ ನಿಲ್ಲಲ್ಲ ಅಂತ ಎಷ್ಟು ಸತಿ ಹೇಳಿದ್ದೀನಿ ನಿನಗೆ?"

ಅಲ್ಲೇ ಕುಕ್ಕರಗಾಲಲ್ಲಿ ಕೂತು ಹೊಸ ಗಾಳ ಕಟ್ಟಿದರು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಎರೆಹುಳು ಅಗೆದು ಡಬ್ಬ ತುಂಬಿಸಿಟ್ಟಿದ್ದರು.

ಹೀಗೇ ವರ್ಷಗಳು ಹೋದವು. ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಬೆಂಡು ಕಾಣುತ್ತಿರಲಿಲ್ಲ, ದಾರವನ್ನು ಬೆರಳಿಗೆ ಸುತ್ತಿಕೊಂಡೇ ಹಿಡಿಯುತ್ತಿದ್ದರು. ವಿಷಯ ತಿಳಿದು ಭಾವ ತಾವಾಗಿಯೇ ಮನೆಗೆ ಬಂದರು. ಹಳೆಯ ಮಾತು ಯಾರೂ ಎತ್ತಲಿಲ್ಲ. ಅತ್ತೆಯನ್ನು ತಿಪಟೂರಿಗೆ ಕರೆದೊಯ್ದು ಆಪರೇಷನ್ ಮಾಡಿಸಿ, ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಬಿಸಿಲಿಗೆ ಹೋಗಬಾರದು, ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರಂತೆ. ಓರಗಿತ್ತಿ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ ಎಂದು ನನ್ನ ಗಂಡ ಹೋಗಿ ನೋಡಿ ಬಂದು ಹೇಳಿದರು.

ಆದರೆ ಒಂದು ಮಧ್ಯಾಹ್ನ ಬಸ್ಸು ನಿಂತು, ಅದರಿಂದ ಅತ್ತೆ ಒಬ್ಬರೇ ಇಳಿದರು. ಒಂದು ಕಣ್ಣಿನ ಮೇಲೆ ಹಸಿರು ಬಟ್ಟೆ ಇಳಿಬಿದ್ದಿತ್ತು.

"ಹೇಳಿ ಬಂದ್ರಾ ಅತ್ತೆ?" ಎಂದು ನಾನು ಗಾಬರಿಯಲ್ಲಿ ಕೇಳಿದೆ.

"ಹೇಳಿದ್ರೆ ಬುಡ್ತಿದ್ರಾ? ದುಡ್ಡು ಕೊಟ್ಟು ಕಣ್ಣು ಮಾಡ್ಸವ್ನೆ. ಕಾಣ್ತದೋ ಇಲ್ವೋ ನೋಡ್ಬ್ಯಾಡ್ವಾ?"

ಮನೆಯೊಳಗೆ ಬರಲು ಒಪ್ಪಲಿಲ್ಲ. ನಾನು ಕೋಲು ತಂದೆ, ಇಬ್ಬರೂ ತೂಬಿನ ಕಲ್ಲಿಗೆ ಹೋದೆವು. ಅತ್ತೆ ಬಗ್ಗದ ಹಾಗೆ ಹುಳುವನ್ನೂ ನಾನೇ ಚುಚ್ಚಿ ಕೊಟ್ಟೆ. ಅವರು ಹಸಿರು ಬಟ್ಟೆಯನ್ನು ಸ್ವಲ್ಪವೇ ಎತ್ತಿ, ತಲೆ ಓರೆ ಮಾಡಿ ನೀರು ನೋಡಿದರು. "ಕಾಣ್ತದೆ," ಎಂದರು.

ಮುಂದಿನ ಬಸ್ಸಿಗೆ ಭಾವ ಬಂದರು. ಏರಿಯ ಮೇಲಿನಿಂದಲೇ ನಮ್ಮನ್ನು ಕಂಡು, ಇಳಿಜಾರಿನಲ್ಲಿ ಜಾರುತ್ತಾ ಬಂದರು. ಕೈಯಲ್ಲಿ ಕೊಡೆ, ಹಣೆಯ ಮೇಲೆ ಬೆವರು.

"ಅವ್ವ, ಏಳು ಮೇಲೆ. ಡಾಕ್ಟ್ರು ಏನ್ ಹೇಳಿದ್ರು? ಕಣ್ಣು ಹೋದ್ರೆ ಯಾರು ಜವಾಬ್ದಾರಿ? ಮನೇಲೆಲ್ಲ ಹುಡುಕಿ ಹುಡುಕಿ ಸಾಕಾಯ್ತು."

"ಸುಮ್ನೆ ನಿಂತ್ಕೊಳ್ಳಾ. ಮೀನು ಹೆದರ್ತವೆ."

"ಏಳ್ತೀಯೋ ಇಲ್ವೋ?"

"ಇಲ್ಲ."

ಅವರು ನನ್ನ ಕಡೆ ನೋಡಿದರು. ಎಬ್ಬಿಸು ಎಂದು ಕೇಳುವ ನೋಟ. ನಾನು ಅತ್ತೆಯ ಪಕ್ಕದಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂತೆ. ಭಾವ ಕೊಡೆ ಬಿಚ್ಚಿ, ಹತ್ತಿರ ಬಂದು, ಅತ್ತೆಯ ತಲೆಯ ಮೇಲೆ ಬಿಸಿಲು ಬೀಳದ ಹಾಗೆ ಹಿಡಿದರು. ಮೀನು ಹಿಡಿಯುವುದನ್ನು ತಾನು ನೋಡುವುದಿಲ್ಲ ಎಂಬಂತೆ ನೀರಿಗೆ ಬೆನ್ನು ಹಾಕಿ ನಿಂತರು. ಹಾಗೆ ನಿಂತರೆ ಮುಖ ಏರಿಯ ರಸ್ತೆಗೆ ಬರುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲವೋ, ಹೊಳೆದೂ ನಿಂತರೋ ಗೊತ್ತಿಲ್ಲ. ಗಾಡಿಯವರು ಹೋದರು, ತುರುವೇಕೆರೆಯ ಬಸ್ಸು ಹೋಯಿತು, ಕಿಟಕಿಗಳಲ್ಲಿ ತಲೆಗಳು ತಿರುಗಿದವು. ಭಾವ ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು, ಜಾಗ ಬಿಡಲಿಲ್ಲ. ಅತ್ತೆಯೂ ಬಿಸಿಲು ಇಳಿಯುವವರೆಗೆ ಏಳಲಿಲ್ಲ.